ವೆಬ್‌ಸೈಟಿಗೆ ಬರುವವರು ಕಡಿಮೆಯಾದರೆ ಎಲ್ಲಿಂದ ಹುಡುಕಬೇಕು: ಪಂಪ್, ಪ್ಲಂಬಿಂಗ್, ವೈರಿಂಗ್ ಕಸುಬಿನವರಿಗೆ ಮಾರ್ಗದರ್ಶಿ

ಪಂಪ್ ರಿಪೇರಿ, ಪ್ಲಂಬಿಂಗ್, ವೈರಿಂಗ್, ಸಂಪ್ ಸ್ವಚ್ಛತೆ, ಸೋಲಾರ್ ವಾಟರ್ ಹೀಟರ್ ಸರ್ವಿಸ್ ಮುಂತಾದ ಕಸುಬು ನಡೆಸುವ ಅನೇಕರು ಈಗ ಸಣ್ಣದೊಂದು ವೆಬ್‌ಸೈಟ್ ಇಟ್ಟುಕೊಂಡಿದ್ದಾರೆ. ಐದಾರು ಪುಟ, ಒಂದು ಫೋನ್ ನಂಬರ್, ಮಾಡಿದ ಕೆಲಸದ ಕೆಲವು ಫೋಟೊ. ಒಂದೆರಡು ವರ್ಷ ಅದರಿಂದ ಕರೆಗಳು ಚೆನ್ನಾಗಿಯೇ ಬರುತ್ತವೆ. ಆಮೇಲೆ ಯಾವುದೋ ತಿಂಗಳು ಲೆಕ್ಕ ನೋಡಿದರೆ ಭೇಟಿಗಳು ಅರ್ಧಕ್ಕೆ ಇಳಿದಿರುತ್ತವೆ. ಸರಿಯಾಗಿ ಅದೇ ಹೊತ್ತಿಗೆ ಯಾರೋ ಫೋನ್ ಮಾಡಿ, 'ನಿಮ್ಮ ಸೈಟ್ ಗೂಗಲ್‌ನಲ್ಲಿ ಹಿಂದೆ ಬಿದ್ದಿದೆ, ಮೂರು ತಿಂಗಳಲ್ಲಿ ಮೊದಲ ಸ್ಥಾನಕ್ಕೆ ತಂದುಕೊಡುತ್ತೇವೆ' ಎನ್ನುತ್ತಾರೆ. ಗಾಬರಿಯಲ್ಲಿ ದುಡ್ಡು ಕೈಬಿಡುವುದು ಇಲ್ಲಿಯೇ.

ಏನು ಇಳಿಯಿತು ಎಂದು ಖಚಿತವಾಗುವ ತನಕ ಸೈಟಿನಲ್ಲಿ ಏನನ್ನೂ ಬದಲಿಸಬೇಡಿ, ಯಾರಿಗೂ ಮುಂಗಡ ಕೊಡಬೇಡಿ. 'ಭೇಟಿ ಇಳಿದಿದೆ' ಎಂಬ ಒಂದು ಮಾತಿನ ಹಿಂದೆ ನಾಲ್ಕೈದು ಬೇರೆ ಬೇರೆ ಕಾರಣಗಳಿರಬಹುದು. ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ನಡೆಯುವುದಿಲ್ಲ. ಕಾರಣ ಹುಡುಕಲು ಬೇಕಾದ ಸಾಧನಗಳೆಲ್ಲ ಉಚಿತ. ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಕುಳಿತರೆ ಸಾಕು. ಬೆಂಗಳೂರಿನ ಹೊರವಲಯದಲ್ಲಿ ಪಂಪ್ ಮತ್ತು ಪ್ಲಂಬಿಂಗ್ ಕೆಲಸ ಮಾಡುವ ಒಂದು ಅಂಗಡಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ. ಕ್ರಮ ಎಲ್ಲ ಊರಿಗೂ ಒಂದೇ.

ಮೊದಲು ಕರೆಗಳನ್ನು ಎಣಿಸಿ

ನಿಮ್ಮ ಹೊಟ್ಟೆ ತುಂಬುವುದು ಭೇಟಿಯಿಂದಲ್ಲ, ಕರೆಯಿಂದ. ಆದ್ದರಿಂದ ಕಂಪ್ಯೂಟರ್ ತೆರೆಯುವ ಮುನ್ನ ಕೆಲಸದ ಪುಸ್ತಕ ತೆರೆಯಿರಿ. ಕಳೆದ ಮೂರು ತಿಂಗಳಲ್ಲಿ ಹೊಸ ಗಿರಾಕಿಗಳು ಎಷ್ಟು ಮಂದಿ ಬಂದರು, ಹಿಂದಿನ ವರ್ಷ ಇದೇ ಮೂರು ತಿಂಗಳಲ್ಲಿ ಎಷ್ಟು ಮಂದಿ ಬಂದಿದ್ದರು ನೋಡಿ. ಪುಸ್ತಕ ಇಡುವ ಅಭ್ಯಾಸ ಇಲ್ಲದಿದ್ದರೆ ವಾಟ್ಸ್‌ಆ್ಯಪ್ ಸಂದೇಶಗಳು, ಬಿಲ್ಲುಗಳು, ಯುಪಿಐ ಪಾವತಿಯ ಪಟ್ಟಿ ಇದ್ದೇ ಇರುತ್ತವೆ.

ಭೇಟಿ ಇಳಿದಿದ್ದರೂ ಹೊಸ ಗಿರಾಕಿಗಳು ಇಳಿದಿಲ್ಲ ಎಂಬ ಸ್ಥಿತಿ ಈಗ ತುಂಬಾ ಸಾಮಾನ್ಯ. ಕಾರಣ ಸರಳ. ಮನೆಯಲ್ಲಿ ಮೋಟರ್ ಕೆಟ್ಟಾಗ ಮೊಬೈಲಿನಲ್ಲಿ ಹುಡುಕಿದವರಿಗೆ ಮೊದಲು ಕಾಣುವುದು ನಕ್ಷೆ ಮತ್ತು ಅದರ ಕೆಳಗಿನ ಮೂರು ಅಂಗಡಿಗಳ ಹೆಸರು. ಅಲ್ಲೇ ಕರೆ ಮಾಡುವ ಗುಂಡಿ ಇರುತ್ತದೆ. ಅದನ್ನು ಒತ್ತಿದವರು ನಿಮ್ಮ ಸೈಟನ್ನು ನೋಡುವುದೇ ಇಲ್ಲ, ಆದರೂ ನಿಮ್ಮ ಗಿರಾಕಿಗಳಾಗುತ್ತಾರೆ. ಹೀಗೇ ಆಗಿದ್ದರೆ ವೆಬ್‌ಸೈಟಿಗೆ ಹೊಸ ವಿನ್ಯಾಸ ಮಾಡಿಸಲು ಹೋಗಬೇಡಿ. ಆ ನಕ್ಷೆಯಲ್ಲಿ ನಿಮ್ಮ ಅಂಗಡಿಯ ಹೆಸರು, ನಂಬರ್ ತೋರಿಸುವುದು ಗೂಗಲ್ ಬಿಸಿನೆಸ್ ಪ್ರೊಫೈಲ್; ಕೆಳಗೆ ಅದರ ಬಗ್ಗೆ ಬರೆದಿರುವ ಭಾಗಕ್ಕೆ ನೇರವಾಗಿ ಹೋಗಿ.

ಕರೆಗಳೂ ಇಳಿದಿದ್ದರೆ ಮುಂದೆ ಓದಿ.

ಎಣಿಕೆ ಸರಿಯಿದೆಯೇ, ಸೈಟ್ ಬದುಕಿದೆಯೇ

ಭೇಟಿಯ ಲೆಕ್ಕವನ್ನು ಹೆಚ್ಚಿನವರು ನೋಡುವುದು ಗೂಗಲ್ ಅನಲಿಟಿಕ್ಸ್‌ನಲ್ಲಿ. ಅದು ಕೆಲಸ ಮಾಡಬೇಕಾದರೆ ಪ್ರತಿ ಪುಟದಲ್ಲೂ ಅದರ ಕೋಡ್ ಇರಬೇಕು. ಸೈಟಿನ ಥೀಮ್ ಬದಲಿಸಿದಾಗ, ಯಾವುದೋ ಪ್ಲಗಿನ್ ತೆಗೆದಾಗ ಆ ಕೋಡ್ ಅಳಿಸಿಹೋಗುವುದುಂಟು. ಆಗ ಜನ ಬರುತ್ತಲೇ ಇರುತ್ತಾರೆ, ಎಣಿಸುವವರು ಮಾತ್ರ ಇರುವುದಿಲ್ಲ. ಪತ್ತೆ ಮಾಡುವುದು ಸುಲಭ: ಸರ್ಚ್ ಕನ್ಸೋಲ್ ಎಂಬ ಗೂಗಲ್‌ನ ಇನ್ನೊಂದು ಉಚಿತ ಸಾಧನವನ್ನು ತೆರೆದು ಅಲ್ಲಿನ ಕ್ಲಿಕ್‌ಗಳ ಗೆರೆಯನ್ನು ನೋಡಿ. ಅದು ಹುಡುಕಾಟದ ಕಡೆಯಿಂದ ಎಣಿಸುತ್ತದೆ, ನಿಮ್ಮ ಸೈಟಿನ ಕೋಡನ್ನು ನಂಬಿಕೊಂಡಿಲ್ಲ. ಸರ್ಚ್ ಕನ್ಸೋಲ್‌ನಲ್ಲಿ ಗೆರೆ ಮಟ್ಟಸವಾಗಿದ್ದು ಅನಲಿಟಿಕ್ಸ್‌ನಲ್ಲಿ ಮಾತ್ರ ಒಂದೇ ದಿನದಲ್ಲಿ ಕುಸಿದಿದ್ದರೆ ಬಹುಪಾಲು ಕೆಟ್ಟಿರುವುದು ಎಣಿಕೆ.

ಎಣಿಕೆ ಸರಿಯಿದ್ದರೆ ಸೈಟನ್ನೇ ಪರೀಕ್ಷಿಸಿ. ಅಂಗಡಿಯ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ, ಬ್ರೌಸರಿನ ಖಾಸಗಿ ಕಿಟಕಿಯಲ್ಲಿ (ಇನ್‌ಕಾಗ್ನಿಟೊ) ತೆರೆಯಿರಿ. 'ಈ ಸಂಪರ್ಕ ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ಬಂದರೆ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದಿರಬಹುದು. ಉಚಿತವಾಗಿ ಸಿಗುವ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರಗಳು ಹೆಚ್ಚೆಂದರೆ ಮೂರು ತಿಂಗಳು ನಡೆಯುವಂಥವು. ತಾವಾಗಿಯೇ ನವೀಕರಣಗೊಳ್ಳುವ ವ್ಯವಸ್ಥೆ ಎಲ್ಲೋ ನಿಂತುಹೋಗಿದ್ದರೆ ಗಿರಾಕಿ ಬಾಗಿಲಲ್ಲೇ ಹಿಂದಿರುಗುತ್ತಾನೆ. ಡೊಮೇನ್ (ನಿಮ್ಮ ವೆಬ್ ವಿಳಾಸದ ಹೆಸರು) ನವೀಕರಣದ ಇಮೇಲ್ ನೀವು ಬಿಟ್ಟುಬಿಟ್ಟಿರುವ ಹಳೆಯ ವಿಳಾಸಕ್ಕೆ ಹೋಗುತ್ತಿದೆಯೇ ಎಂಬುದನ್ನೂ ಇದೇ ಹೊತ್ತಿನಲ್ಲಿ ನೋಡಿಕೊಳ್ಳಿ. ಫೋನ್ ನಂಬರನ್ನು ಒತ್ತಿದಾಗ ನಿಜವಾಗಿ ಕರೆ ಹೋಗುತ್ತದೆಯೇ, ವಾಟ್ಸ್‌ಆ್ಯಪ್ ಗುಂಡಿ ಈಗಿನ ನಂಬರಿಗೇ ತೆರೆದುಕೊಳ್ಳುತ್ತದೆಯೇ ಎಂದು ಕೈಯಿಂದ ಒತ್ತಿ ನೋಡಿ.

ಬಳಿಕ ಗೂಗಲ್‌ನಲ್ಲಿ 'site' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ವೆಬ್ ವಿಳಾಸ ಬರೆದು ಹುಡುಕಿ. ನಿಮ್ಮ ಪುಟಗಳ ಪಟ್ಟಿ ಬರಬೇಕು. ಒಂದೂ ಬರದಿದ್ದರೆ ಸೈಟ್ ಗೂಗಲ್‌ನ ಕಣ್ಣಿಂದ ಮರೆಯಾಗಿದೆ ಎಂದು ಅನುಮಾನಿಸಿ. ವರ್ಡ್‌ಪ್ರೆಸ್ ಬಳಸುವವರು ಸೆಟ್ಟಿಂಗ್ಸ್‌ನ ರೀಡಿಂಗ್ ಪುಟಕ್ಕೆ ಹೋಗಿ, ಸರ್ಚ್ ಎಂಜಿನ್‌ಗಳನ್ನು ದೂರವಿಡುವ ಚೌಕದಲ್ಲಿ ಗುರುತು ಬಿದ್ದಿದೆಯೇ ನೋಡಬೇಕು. ಸೈಟ್ ಕಟ್ಟುವಾಗ ಹಾಕಿದ ಆ ಗುರುತನ್ನು ತೆಗೆಯಲು ಮರೆಯುವವರು ಇಂದಿಗೂ ಇದ್ದಾರೆ. ಪಟ್ಟಿಯಲ್ಲಿ ನೀವು ಬರೆಯದ ಜೂಜಿನ ಪುಟಗಳೋ ಜಪಾನಿ ಅಕ್ಷರಗಳ ಪುಟಗಳೋ ಕಂಡರೆ ಸೈಟಿಗೆ ಕಳ್ಳರು ನುಗ್ಗಿದ್ದಾರೆ. ಅಂಥ ಸಂದರ್ಭದಲ್ಲಿ ಬೇರೆ ಎಲ್ಲವನ್ನೂ ಬದಿಗಿಟ್ಟು, ಹೋಸ್ಟಿಂಗ್ ಕಂಪನಿಗೆ ತಿಳಿಸಿ, ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿ, ಸೈಟನ್ನು ಶುಚಿ ಮಾಡಿಸಿ. ಸರ್ಚ್ ಕನ್ಸೋಲ್‌ನ ಭದ್ರತೆ ವಿಭಾಗದಲ್ಲೂ ಸೂಚನೆ ಬಂದಿರಬಹುದು.

ಇತ್ತೀಚೆಗೆ ಸೈಟನ್ನು ಹೊಸದಾಗಿ ಕಟ್ಟಿಸಿದ್ದೀರಾ? ಹಾಗಿದ್ದರೆ ಹಳೆಯ ಪುಟಗಳ ವಿಳಾಸ ಬದಲಾಗಿದೆಯೇ ಕೇಳಿ. ಹಳೆಯ ವಿಳಾಸ ತೆರೆದಾಗ 'ಪುಟ ಇಲ್ಲ' ಎಂದು ಬಂದರೆ ಆ ಪುಟ ವರ್ಷಗಳಿಂದ ಗಳಿಸಿದ್ದೆಲ್ಲ ಹೋದಂತೆ. ಪ್ರತಿ ಹಳೆಯ ವಿಳಾಸದಿಂದ ಅದಕ್ಕೆ ಹೊಂದುವ ಹೊಸ ಪುಟಕ್ಕೆ 301 ರಿಡೈರೆಕ್ಟ್ (ಶಾಶ್ವತವಾಗಿ ತಿರುಗಿಸುವ ಸೂಚನೆ) ಹಾಕಿಸಿ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿದರೆ ಪ್ರಯೋಜನವಾಗದು.

2024ರ ಮಾರ್ಚ್‌ವರೆಗೆ ಗೂಗಲ್ ಸಣ್ಣ ಅಂಗಡಿಗಳಿಗೆ ತಾನೇ ಒಂದು ಪುಟದ ಉಚಿತ ಸೈಟ್ ಕಟ್ಟಿಕೊಡುತ್ತಿತ್ತು. ಆ ಸೌಲಭ್ಯ ಮುಚ್ಚಿದೆ, ಅವುಗಳ ವಿಳಾಸಗಳು ಅದೇ ವರ್ಷದ ಜೂನ್ ನಂತರ ಕೆಲಸ ಮಾಡುವುದಿಲ್ಲ. ನಿಮ್ಮ ವಿಸಿಟಿಂಗ್ ಕಾರ್ಡಿನಲ್ಲಿ, ಆಟೊ ಹಿಂದಿನ ಸ್ಟಿಕರ್‌ನಲ್ಲಿ, ಜಸ್ಟ್‌ಡಯಲ್ ಪಟ್ಟಿಯಲ್ಲಿ ಆ ಹಳೆಯ ವಿಳಾಸವೇ ಉಳಿದಿದ್ದರೆ ಇಂದೇ ಬದಲಿಸಿ.

ಯಾವುದಕ್ಕೆ ಯಾವುದನ್ನು ಹೋಲಿಸುತ್ತಿದ್ದೀರಿ

ಕಸುಬಿನವರ ವೆಬ್‌ಸೈಟಿನ ಲೆಕ್ಕದಲ್ಲಿ ಅತಿ ಹೆಚ್ಚು ದಾರಿ ತಪ್ಪಿಸುವುದು ಹಿಂದಿನ ತಿಂಗಳೊಂದಿಗಿನ ಹೋಲಿಕೆ. ಪಂಪ್ ಕೆಲಸ ಫೆಬ್ರವರಿಯಿಂದ ಮೇ ತನಕ ಏರುತ್ತದೆ, ಮಳೆ ಹಿಡಿದ ಮೇಲೆ ಇಳಿಯುತ್ತದೆ. ಸೋಲಾರ್ ಹೀಟರ್ ಕೆಟ್ಟಿದೆ ಎಂದು ಜನಕ್ಕೆ ಹೊಳೆಯುವುದು ನವೆಂಬರ್ ಚಳಿಯಲ್ಲಿ. ಛಾವಣಿ ಸೋರಿಕೆಯ ಕೆಲಸಕ್ಕೆ ಜೂನ್ ಬರಬೇಕು. ಆದ್ದರಿಂದ ಹೋಲಿಕೆ ಯಾವಾಗಲೂ ಹಿಂದಿನ ವರ್ಷದ ಅದೇ ಅವಧಿಯೊಂದಿಗೆ ಇರಲಿ. ಸರ್ಚ್ ಕನ್ಸೋಲ್ 16 ತಿಂಗಳ ಮಾಹಿತಿ ಇಟ್ಟುಕೊಳ್ಳುತ್ತದೆ. ಕಳೆದ ಮೂರು ತಿಂಗಳನ್ನು ಹಿಂದಿನ ವರ್ಷದ ಅದೇ ಮೂರು ತಿಂಗಳೊಂದಿಗೆ ಇಟ್ಟು ನೋಡಲು ಅಷ್ಟು ಸಾಕು.

ವರ್ಷದಿಂದ ವರ್ಷಕ್ಕೆ ಹೋಲಿಸಿದರೂ ಎಚ್ಚರ ಬೇಕು. ಹಬ್ಬಕ್ಕೆ ಮುಂಚೆ ಮನೆಗೆ ಬಣ್ಣ ಹೊಡೆಸುವವರ ಹುಡುಕಾಟವನ್ನೇ ನಂಬಿರುವ ಪೇಂಟರ್ ಒಬ್ಬರನ್ನು ನೆನೆಯಿರಿ. ಗಣೇಶ ಚತುರ್ಥಿ 2024ರಲ್ಲಿ ಸೆಪ್ಟೆಂಬರ್ 7ರಂದು ಬಂತು, 2025ರಲ್ಲಿ ಆಗಸ್ಟ್ 27ರಂದು. ಎರಡು ವರ್ಷಗಳ ಆಗಸ್ಟ್ ಕೊನೆಯ ವಾರ, ಸೆಪ್ಟೆಂಬರ್ ಮೊದಲ ವಾರಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ, ಯಾವ ತಪ್ಪೂ ಇಲ್ಲದೆ ಸೆಪ್ಟೆಂಬರ್ 'ಕುಸಿದು' ಕಾಣುತ್ತದೆ. ಹಬ್ಬದ ಹಿಂದಿನ ಆರು ವಾರಗಳನ್ನು ಹಬ್ಬದ ಹಿಂದಿನ ಆರು ವಾರಗಳೊಂದಿಗೇ ಹೋಲಿಸಬೇಕು.

ಬೆಂಗಳೂರಿನ ಪಂಪ್ ಅಂಗಡಿಯ ವಿಷಯ ಇನ್ನೂ ಸ್ಪಷ್ಟ. 2024ರ ಬೇಸಿಗೆಯಲ್ಲಿ ನಗರದಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಪ್ರಕಟಿಸಿತು. ವಾಣಿಜ್ಯ ಕಟ್ಟಡಗಳು, ಹೋಟೆಲುಗಳು ನಲ್ಲಿಗಳಿಗೆ ಏರೇಟರ್ ಹಾಕಿಸಲೇಬೇಕು ಎಂದಿತು. ಅಂಥ ತಿಂಗಳಲ್ಲಿ ಕೊಳವೆಬಾವಿ, ಮೋಟರ್, ಟ್ಯಾಂಕರ್, ಏರೇಟರ್ ಎಂದು ಹುಡುಕಿದವರ ಸಂಖ್ಯೆಯೇ ಬೇರೆ. 2025ರ ಬೇಸಿಗೆಯನ್ನು ಅದರ ಪಕ್ಕದಲ್ಲಿ ಇಟ್ಟುಕೊಂಡು ನೊಂದುಕೊಳ್ಳುವ ಅಗತ್ಯ ಇರಲಿಲ್ಲ. ನಡುವೆ 2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಹೊರವಲಯದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರು ಕೊಡುವ ಯೋಜನೆ ಅದು. ಕಾವೇರಿ ಸಂಪರ್ಕ ಬಂದ ಬಡಾವಣೆಯಲ್ಲಿ ಕೊಳವೆಬಾವಿ ಮೋಟರಿನ ಕೆಲಸ ತಗ್ಗಿ, ಹೊಸ ನಲ್ಲಿ ಸಂಪರ್ಕ, ಸಂಪ್‌ಗೆ ಪೈಪ್ ಎಳೆಯುವುದು, ಪ್ರೆಶರ್ ಪಂಪ್ ಮುಂತಾದ ಕೆಲಸಗಳು ಏರುವುದು ಸಹಜ. ಜನರ ಬೇಕು ಬದಲಾಗಿದ್ದು ನಿಮ್ಮ ಸೈಟ್ ಇನ್ನೂ ಹಳೆಯ ಬೇಕನ್ನೇ ಹೇಳುತ್ತಿದ್ದರೆ ಭೇಟಿ ಇಳಿಯುತ್ತದೆ. ಇದಕ್ಕೆ ಪರಿಹಾರ ಗೂಗಲ್‌ನಲ್ಲಿ ಇಲ್ಲ, ಹೊಸ ಕೆಲಸಗಳ ಪುಟ ಬರೆಯುವುದರಲ್ಲಿದೆ. ಗೂಗಲ್ ಟ್ರೆಂಡ್ಸ್‌ನಲ್ಲಿ ಕರ್ನಾಟಕ ಎಂದು ಆರಿಸಿ ನಿಮ್ಮ ಕಸುಬಿನ ಪದ ಹಾಕಿದರೆ ಬೇಡಿಕೆಯ ಏರಿಳಿತ ಕಣ್ಣಿಗೆ ಬೀಳುತ್ತದೆ.

ಇಳಿದದ್ದು ಯಾವ ಪುಟ, ಯಾವ ಪದ

ಇದು ಇಡೀ ಕೆಲಸದ ತಿರುಳು. ಅವಸರ ಮಾಡಬೇಡಿ.

ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಕ್ಲಿಕ್, ಇಂಪ್ರೆಷನ್, ಸರಾಸರಿ ಸ್ಥಾನ ಮೂರನ್ನೂ ಆನ್ ಮಾಡಿ. ಇಂಪ್ರೆಷನ್ ಎಂದರೆ ಹುಡುಕಿದವರ ಮುಂದೆ ನಿಮ್ಮ ಪುಟ ಎಷ್ಟು ಸಲ ಕಾಣಿಸಿಕೊಂಡಿತು ಎಂಬ ಲೆಕ್ಕ. ಹೋಲಿಕೆಯ ಅವಧಿ ಆರಿಸಿ, ಕೆಳಗಿನ ಪಟ್ಟಿಯನ್ನು ಮೊದಲು ಪುಟಗಳ ಪ್ರಕಾರ, ಬಳಿಕ ಹುಡುಕಾಟದ ಪದಗಳ ಪ್ರಕಾರ, ಕ್ಲಿಕ್‌ನ ವ್ಯತ್ಯಾಸದ ಮೇಲೆ ಜೋಡಿಸಿ. ಇಳಿತದ ಬಹುಪಾಲು ಎರಡೋ ಮೂರೋ ಪುಟಗಳಲ್ಲೇ ಕೂಡಿಕೊಂಡಿರುತ್ತದೆ. ಆ ಪುಟಗಳನ್ನು ಒಂದೊಂದಾಗಿ ತೆರೆದು ಹೀಗೆ ಓದಿ.

ಇಂಪ್ರೆಷನ್ ಇಳಿದಿದೆ, ಸ್ಥಾನ ಹಾಗೇ ಇದೆ: ಹುಡುಕುವವರೇ ಕಡಿಮೆಯಾಗಿದ್ದಾರೆ. ಋತು, ಬೇಡಿಕೆ.

ಇಂಪ್ರೆಷನ್ ಸುಮಾರಾಗಿ ಅಷ್ಟೇ ಇದೆ, ಸ್ಥಾನ ಕೆಳಗಿಳಿದಿದೆ: ನಿಮಗಿಂತ ಉತ್ತಮ ಎಂದು ಗೂಗಲ್ ಬೇರೆಯವರನ್ನು ಮೇಲಕ್ಕೆ ಹಾಕಿದೆ. ಅವರ ಪುಟ ತೆರೆದು ನೋಡಿ, ನಿಮ್ಮಲ್ಲಿಲ್ಲದ್ದು ಅವರಲ್ಲಿ ಏನಿದೆ ಎಂದು.

ಇಂಪ್ರೆಷನ್ ಇದೆ, ಸ್ಥಾನ ಇದೆ, ಕ್ಲಿಕ್ ಮಾತ್ರ ಇಲ್ಲ: ಹುಡುಕಾಟದ ಪುಟದ ರೂಪವೇ ಬದಲಾಗಿದೆ. ಮೇಲೆ ಜಾಹೀರಾತು ಬಂದಿರಬಹುದು, ನಕ್ಷೆ ಬಂದಿರಬಹುದು, ಎಐ ಉತ್ತರ ಬಂದಿರಬಹುದು.

ಎಲ್ಲವೂ ಒಂದೇ ದಿನ ನೆಲಕ್ಕೆ ಬಿದ್ದಿದೆ: ತಾಂತ್ರಿಕ ದೋಷ. 'ಎಣಿಕೆ ಸರಿಯಿದೆಯೇ, ಸೈಟ್ ಬದುಕಿದೆಯೇ' ಎಂಬ ಭಾಗಕ್ಕೆ ಮರಳಿ.

ಮೂರನೆಯ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹುಡುಕಾಟದ ಮೇಲ್ಭಾಗದಲ್ಲಿ ಗೂಗಲ್ ತಾನೇ ಸಾರಾಂಶ ಬರೆದುಕೊಡುವ ಎಐ ಓವರ್‌ವ್ಯೂ ಭಾರತಕ್ಕೆ ಬಂದದ್ದು 2024ರ ಆಗಸ್ಟ್‌ನಲ್ಲಿ. 2025ರಲ್ಲಿ ಎಐ ಮೋಡ್ ಬಂತು, ಆ ವರ್ಷವೇ ಅದು ಕನ್ನಡಕ್ಕೂ ವಿಸ್ತರಿಸಿತು. 'ಮೋಟರ್ ಏಕೆ ಗುಂಯ್‌ಗುಡುತ್ತದೆ', 'ಸಂಪ್ ಎಷ್ಟು ತಿಂಗಳಿಗೊಮ್ಮೆ ತೊಳೆಯಬೇಕು' ಎಂಬಂಥ ಪ್ರಶ್ನೆಗಳಿಗೆ ಜನ ಅಲ್ಲೇ ಉತ್ತರ ಓದಿ ಮುಂದೆ ಹೋಗುತ್ತಾರೆ. ನಿಮ್ಮ ಸೈಟಿನಲ್ಲಿ ಅಂಥ ವಿವರಣೆಯ ಬರಹಗಳಿದ್ದರೆ ಅವುಗಳ ಕ್ಲಿಕ್ ಇಳಿದಿರುತ್ತದೆ. ನಾನು ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ ಎನ್ನುತ್ತೇನೆ. ಆ ಬರಹ ಓದಲು ದೇಶದ ಇನ್ನೊಂದು ಮೂಲೆಯಿಂದ ಬರುತ್ತಿದ್ದವರು ನಿಮ್ಮನ್ನು ಕೆಲಸಕ್ಕೆ ಕರೆಯುವವರಾಗಿರಲಿಲ್ಲ. ಕೆಲಸದ ಹೆಸರು ಮತ್ತು ಊರಿನ ಹೆಸರು ಎರಡೂ ಇರುವ ಹುಡುಕಾಟಗಳಲ್ಲಿ ಇಳಿತ ಕಂಡರೆ ಮಾತ್ರ ಕೈ ಹಾಕಬೇಕು. ಇದನ್ನು ಬೇರ್ಪಡಿಸಲು ಪದಗಳ ಪಟ್ಟಿಗೆ ನಿಮ್ಮ ಬಡಾವಣೆಯ ಹೆಸರಿನ ಫಿಲ್ಟರ್ ಹಾಕಿ. ಅಂಗಡಿಯ ಹೆಸರಿಟ್ಟೇ ಹುಡುಕುವವರು ಕಡಿಮೆಯಾಗಿದ್ದರೆ ಅದು ಇನ್ನೊಂದು ಸುದ್ದಿ: ಹಳೆಯ ಗಿರಾಕಿಗಳು ನಿಮ್ಮನ್ನು ಮರೆಯುತ್ತಿದ್ದಾರೆ. ಅದಕ್ಕೆ ಮದ್ದು ಮೋಟರಿನ ಮೇಲೆ ಅಂಟಿಸುವ ನಂಬರಿನ ಸ್ಟಿಕರ್, ವರ್ಷಕ್ಕೊಮ್ಮೆ ಕಳಿಸುವ ಒಂದು ಸಂದೇಶ.

ಇನ್ನೊಂದು ಎಚ್ಚರಿಕೆ. 2025ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಒಂದೇ ಪುಟದಲ್ಲಿ ನೂರು ಫಲಿತಾಂಶ ತೋರಿಸುವ ಸೌಲಭ್ಯ ತೆಗೆಯಿತು. ಸ್ಥಾನ ಅಳೆಯುವ ಯಂತ್ರಗಳು ಅದನ್ನು ಬಳಸುತ್ತಿದ್ದುದರಿಂದ ಅನೇಕ ಸೈಟುಗಳಲ್ಲಿ ಡೆಸ್ಕ್‌ಟಾಪ್ ಇಂಪ್ರೆಷನ್ ಒಮ್ಮೆಲೇ ಇಳಿದು ಸರಾಸರಿ ಸ್ಥಾನ ಏರಿದಂತೆ ಕಂಡಿತು. ಆ ಅವಧಿ ನಿಮ್ಮ ಹೋಲಿಕೆಯೊಳಗೆ ಬಿದ್ದರೆ ಇಂಪ್ರೆಷನ್ ಬಿಟ್ಟು ಕ್ಲಿಕ್ ನೋಡಿ, ಮೊಬೈಲ್ ಎಂದು ಫಿಲ್ಟರ್ ಹಾಕಿ ನೋಡಿ.

ಸ್ಥಾನವೇ ಇಳಿದಿದ್ದರೆ ಇಳಿದ ದಿನಾಂಕ ಬರೆದುಕೊಂಡು ಗೂಗಲ್‌ನ ಸರ್ಚ್ ಸ್ಟೇಟಸ್ ಡ್ಯಾಶ್‌ಬೋರ್ಡ್ ತೆರೆಯಿರಿ. ಹುಡುಕಾಟದ ಕ್ರಮಾಂಕ ಹಾಕುವ ರೀತಿಯಲ್ಲಿ ಗೂಗಲ್ ಮಾಡುವ ದೊಡ್ಡ ಬದಲಾವಣೆಗಳಾದ ಕೋರ್ ಅಪ್‌ಡೇಟ್‌ಗಳ ದಿನಾಂಕ ಅಲ್ಲಿರುತ್ತದೆ. 2025ರಲ್ಲಿ ಒಂದು ಮಾರ್ಚ್ 13ರಿಂದ 27ರವರೆಗೆ, ಮತ್ತೊಂದು ಜೂನ್ 30ರಿಂದ ಜುಲೈ 17ರವರೆಗೆ ನಡೆಯಿತು. ನಿಮ್ಮ ಇಳಿತ ಅಂಥ ಅವಧಿಯೊಳಗಿದ್ದರೆ, ಅಪ್‌ಡೇಟ್ ಮುಗಿದು ಕನಿಷ್ಠ ಒಂದು ವಾರ ಕಾದು ಬಳಿಕ ಲೆಕ್ಕ ಹಾಕಿ.

ಗೂಗಲ್ ಬಿಸಿನೆಸ್ ಪ್ರೊಫೈಲ್

ಸ್ಥಳೀಯ ಕಸುಬಿಗೆ ಇದು ವೆಬ್‌ಸೈಟಿಗಿಂತ ಮುಖ್ಯ ಎನ್ನಲು ನನಗೆ ಯಾವ ಸಂಕೋಚವೂ ಇಲ್ಲ. ನಕ್ಷೆಯಲ್ಲಿ ಯಾರು ಮೇಲೆ ಎಂಬುದನ್ನು ಮೂರು ಸಂಗತಿ ನಿರ್ಧರಿಸುತ್ತವೆ ಎಂದು ಗೂಗಲ್ ತಾನೇ ಹೇಳುತ್ತದೆ: ಹುಡುಕಿದ್ದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ದೂರದಲ್ಲಿದೆ, ಎಷ್ಟು ಹೆಸರುವಾಸಿ. ದೂರ ನಿಮ್ಮ ಕೈಯಲ್ಲಿಲ್ಲ. ಉಳಿದ ಎರಡು ಇವೆ. ದುಡ್ಡು ಕೊಟ್ಟು ಈ ಕ್ರಮಾಂಕ ಏರಿಸಿಕೊಳ್ಳಲು ಬರುವುದಿಲ್ಲ.

ಪ್ರೊಫೈಲಿನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಕರೆ, ದಾರಿ ಕೇಳಿದ್ದು, ವೆಬ್‌ಸೈಟಿಗೆ ಬಂದದ್ದು ಬೇರೆ ಬೇರೆಯಾಗಿ ಕಾಣುತ್ತವೆ. ವೆಬ್‌ಸೈಟ್ ಕ್ಲಿಕ್ ಇಳಿದು ಕರೆ ಏರಿದ್ದರೆ ನಿಮಗೆ ನಷ್ಟವಾಗಿಲ್ಲ. ಎರಡೂ ಇಳಿದಿದ್ದರೆ ಈ ಕೆಳಗಿನವನ್ನು ನೋಡಿ.

ಮುಖ್ಯ ವರ್ಗ ಸರಿಯಿದೆಯೇ? ದಿನದ ಹೆಚ್ಚಿನ ಕೆಲಸ ಪಂಪ್ ರಿಪೇರಿಯಾಗಿದ್ದು ವರ್ಗ 'ಹಾರ್ಡ್‌ವೇರ್ ಅಂಗಡಿ' ಎಂದಿದ್ದರೆ ಪಂಪ್ ಹುಡುಕಿದವರಿಗೆ ನೀವು ಕಾಣುವುದು ಕಷ್ಟ. ಕೆಲಸದ ಸಮಯ ಇಂದಿನದೇ? ಭಾನುವಾರ ತೆರೆದಿದ್ದರೂ 'ಮುಚ್ಚಿದೆ' ಎಂದು ಬರೆದಿದ್ದರೆ, ಆ ದಿನ ಮೋಟರ್ ಕೆಟ್ಟವರು ಪಕ್ಕದವರಿಗೆ ಕರೆ ಮಾಡುತ್ತಾರೆ. ನಂಬರನ್ನೋ ಸ್ಥಳವನ್ನೋ ಯಾರಾದರೂ 'ತಿದ್ದುಪಡಿ ಸೂಚನೆ' ಕೊಟ್ಟು ಬದಲಿಸಿದ್ದಾರೆಯೇ? ಇದು ನಡೆಯುತ್ತದೆ, ತಿಂಗಳಿಗೊಮ್ಮೆ ಕಣ್ಣಾಡಿಸಿ. ಅಂಗಡಿ ಇಲ್ಲದೆ ಮನೆಯಿಂದಲೇ ಕೆಲಸಕ್ಕೆ ಹೋಗುವವರು ವಿಳಾಸ ಮರೆಮಾಡಿ ಸೇವಾ ಪ್ರದೇಶಗಳನ್ನು ಸೇರಿಸಬಹುದು. 20 ಪ್ರದೇಶಗಳ ತನಕ ಅವಕಾಶವಿದೆ. ಹೆಸರಿನ ಜಾಗದಲ್ಲಿ ಬೋರ್ಡಿನ ಮೇಲಿರುವ ಹೆಸರು ಮಾತ್ರ ಇರಲಿ. 'ಅತ್ಯುತ್ತಮ ಪಂಪ್ ರಿಪೇರಿ ರಾಜಾಜಿನಗರ ವಿಜಯನಗರ' ಎಂದೆಲ್ಲ ತುರುಕಿದರೆ ಪ್ರೊಫೈಲ್ ಅಮಾನತಾಗುವ ಅಪಾಯವಿದೆ.

ವಿಮರ್ಶೆಗಳ ವಿಷಯದಲ್ಲಿ ನಮ್ಮ ಕಸುಬಿನವರು ಸಂಕೋಚಪಡುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಕೆಲಸ ಮುಗಿದು ನೀರು ಬಂದು ಮನೆಯವರು ಸಂತೋಷದಲ್ಲಿರುವಾಗಲೇ, ಅದೇ ಸಂಜೆ, ಹೀಗೊಂದು ಸಂದೇಶ ಕಳಿಸಿ: 'ನಮಸ್ಕಾರ ಮೇಡಂ, ಇಂದು ನಿಮ್ಮ ಮನೆಯ ಮೋಟರಿನ ಸೀಲ್ ಮತ್ತು ಬೇರಿಂಗ್ ಬದಲಿಸಿದ್ದೇವೆ. ಆರು ತಿಂಗಳೊಳಗೆ ಅದೇ ತೊಂದರೆ ಬಂದರೆ ಕರೆ ಮಾಡಿ, ಕೂಲಿ ತೆಗೆದುಕೊಳ್ಳುವುದಿಲ್ಲ. ಕೆಲಸ ಹೇಗಾಯಿತು ಎಂದು ಈ ಲಿಂಕ್‌ನಲ್ಲಿ ಎರಡು ಸಾಲು ಬರೆದರೆ ನಮಗೆ ಉಪಕಾರವಾಗುತ್ತದೆ.' ವಾರಂಟಿಯ ಅವಧಿ ನೀವು ನಿಜಕ್ಕೂ ಕೊಡುವಷ್ಟೇ ಇರಲಿ. ರಿಯಾಯಿತಿ ಕೊಟ್ಟು ವಿಮರ್ಶೆ ಬರೆಸುವುದು ಗೂಗಲ್ ನಿಯಮಕ್ಕೆ ವಿರುದ್ಧ. ಹಣ ಕೊಟ್ಟು ಕೊಂಡ ವಿಮರ್ಶೆಗಳು ಒಂದು ದಿನ ಒಟ್ಟಾಗಿ ಮಾಯವಾಗುತ್ತವೆ, ಜೊತೆಗೆ ನಿಜವಾದವೂ ಅನುಮಾನಕ್ಕೆ ಒಳಗಾಗುತ್ತವೆ.

ಕೆಟ್ಟ ವಿಮರ್ಶೆಗೆ ಉತ್ತರ ಬರೆಯುವಾಗ ನೀವು ಮಾತನಾಡುತ್ತಿರುವುದು ಅದನ್ನು ಬರೆದವರೊಂದಿಗೆ ಮಾತ್ರವಲ್ಲ, ಮುಂದೆ ಓದುವ ಎಲ್ಲರೊಂದಿಗೆ. 'ಸರ್, ಅಂದು ನಮ್ಮ ಹುಡುಗರು ಹೇಳಿದ ಸಮಯಕ್ಕೆ ಬರಲಿಲ್ಲ, ಅದು ನಮ್ಮ ತಪ್ಪು. ನಾಳೆ ನಾನೇ ಬಂದು ನೋಡುತ್ತೇನೆ' ಎಂಬಷ್ಟು ಸಾಕು.

ಕೆಲಸಕ್ಕೊಂದು ಪುಟ

ಬಹಳಷ್ಟು ಸೈಟುಗಳಲ್ಲಿ 'ನಮ್ಮ ಸೇವೆಗಳು' ಎಂಬ ಒಂದೇ ಪುಟ ಇರುತ್ತದೆ. ಹನ್ನೆರಡು ಕೆಲಸಗಳ ಹೆಸರು, 'ಗುಣಮಟ್ಟವೇ ನಮ್ಮ ಧ್ಯೇಯ' ಎಂಬ ಸಾಲು. ಅದನ್ನು ಓದಿ ಯಾರಿಗೂ ಏನೂ ತಿಳಿಯುವುದಿಲ್ಲ. ಹೆಚ್ಚು ಹಣ ತರುವ ನಾಲ್ಕು ಕೆಲಸಗಳಿಗೆ ಬೇರೆ ಬೇರೆ ಪುಟ ಮಾಡಿ. ಗಿರಾಕಿ ಫೋನಿನಲ್ಲಿ ಕೇಳುವುದಕ್ಕೆ ನೀವು ಕೊಡುವ ಉತ್ತರವನ್ನೇ ಬರೆಯಿರಿ. ಮೋಟರ್ ರಿಪೇರಿ ಪುಟಕ್ಕೆ ಇಂಥ ಬರವಣಿಗೆ ಬೇಕು:

'ಮನೆಯ ಒಂದು ಎಚ್‌ಪಿ ಮೋನೊಬ್ಲಾಕ್ ಮೋಟರ್ ಸ್ವಿಚ್ ಹಾಕಿದಾಗ ಗುಂಯ್‌ಗುಟ್ಟಿ ತಿರುಗದೆ ನಿಂತರೆ ಬಹಳ ಸಲ ಕೆಪಾಸಿಟರ್ ಹೋಗಿರುತ್ತದೆ, ಇಲ್ಲವೇ ಬೇರಿಂಗ್ ಹಿಡಿದಿರುತ್ತದೆ. ಕೂಡಲೇ ಸ್ವಿಚ್ ಆರಿಸಿ, ಹಾಗೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ. ಕೆಪಾಸಿಟರ್, ಬೇರಿಂಗ್, ಸೀಲ್ ಬದಲಾವಣೆ ನಿಮ್ಮ ಮನೆಯಲ್ಲೇ ಆಗುತ್ತದೆ. ವೈಂಡಿಂಗ್ ಸುಟ್ಟಿದ್ದರೆ ಮೋಟರನ್ನು ಅಂಗಡಿಗೆ ತಂದು, ಖರ್ಚು ಎಷ್ಟಾಗುತ್ತದೆ ಎಂದು ಮೊದಲು ತಿಳಿಸಿ, ನೀವು ಒಪ್ಪಿದ ಮೇಲೆ ಕೆಲಸ ಶುರು ಮಾಡುತ್ತೇವೆ. ಬಂದು ನೋಡುವ ಶುಲ್ಕ ಇಷ್ಟು. ರಿಪೇರಿ ಮಾಡಿಸಿದರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ.'

ಶುಲ್ಕದ ಜಾಗದಲ್ಲಿ ನಿಮ್ಮ ನಿಜವಾದ ಮೊತ್ತ ಹಾಕಿ. ದರ ಬರೆಯಲು ಹಿಂಜರಿಯುವವರೇ ಹೆಚ್ಚು, ಆದರೆ ಗಿರಾಕಿ ಹುಡುಕುವುದೇ ದರವನ್ನು. ಬಿಚ್ಚಿದ ಮೋಟರ್, ಸುಟ್ಟ ವೈಂಡಿಂಗ್, ಹೊಸದಾಗಿ ಸುತ್ತಿದ ಮೇಲಿನ ಸ್ಥಿತಿ, ಹೀಗೆ ನಿಮ್ಮ ಮೊಬೈಲಿನಲ್ಲೇ ತೆಗೆದ ಮೂರು ಫೋಟೊ ಹಾಕಿ. ಇಂಟರ್ನೆಟ್‌ನಿಂದ ತಂದ ಹಳದಿ ಹೆಲ್ಮೆಟ್ ಧರಿಸಿದ ವಿದೇಶಿ ಪ್ಲಂಬರನ ಚಿತ್ರ ಬೇಡ.

ಒಂದೇ ಬರಹದಲ್ಲಿ ಬಡಾವಣೆಯ ಹೆಸರು ಮಾತ್ರ ಬದಲಿಸಿ ನಲವತ್ತು ಪುಟ ಮಾಡಿಕೊಡುವವರಿದ್ದಾರೆ. ಅಂಥ ಪುಟಗಳನ್ನು ಗೂಗಲ್ ಸ್ಪ್ಯಾಮ್ ಎಂದು ಪರಿಗಣಿಸುತ್ತದೆ. ಯಂತ್ರದಿಂದ ರಾಶಿ ರಾಶಿ ಬರೆಸಿದ ಪುಟಗಳ ವಿರುದ್ಧ 2024ರ ಮಾರ್ಚ್‌ನಲ್ಲಿ ನಿಯಮ ಇನ್ನಷ್ಟು ಬಿಗಿಯಾಗಿದೆ. ನಿಮ್ಮ ಇಳಿತಕ್ಕೆ ಇದೇ ಕಾರಣವಾಗಿದ್ದರೆ ಆ ಪುಟಗಳನ್ನು ತೆಗೆದುಹಾಕಿ.

ಕನ್ನಡದ ಪುಟಗಳಿಗೆ ಒಂದು ವಿಶೇಷ ಪರೀಕ್ಷೆ

ಕನ್ನಡದಲ್ಲಿ ಸೈಟ್ ಇಟ್ಟಿರುವವರು ಇದನ್ನು ತಪ್ಪದೆ ಮಾಡಬೇಕು. ನಿಮ್ಮ ಪುಟದಿಂದ ಒಂದು ಕನ್ನಡ ಸಾಲನ್ನು ನಕಲು ಮಾಡಿ ವಾಟ್ಸ್‌ಆ್ಯಪ್ ಸಂದೇಶದಲ್ಲಿ ಅಂಟಿಸಿ. ಕನ್ನಡವಾಗಿಯೇ ಕಂಡರೆ ಅದು ಯೂನಿಕೋಡ್, ಚಿಂತೆಯಿಲ್ಲ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲಾಗಿ ಕಂಡರೆ ಆ ಬರಹ ಹಳೆಯ ನುಡಿ ಅಥವಾ ಬರಹ ಫಾಂಟಿನ ಆಸ್ಕಿ ರೂಪದಲ್ಲಿದೆ. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕಣ್ಣಿಗೆ ಕನ್ನಡವಾಗಿ ಕಂಡರೂ ಗೂಗಲ್‌ಗೆ ಅದು ಕನ್ನಡವೇ ಅಲ್ಲ. ನಕಲು ಮಾಡಲೇ ಆಗದಿದ್ದರೆ ಅದು ಫ್ಲೆಕ್ಸ್ ಬೋರ್ಡಿನಂತೆ ಚಿತ್ರವಾಗಿ ಹಾಕಿರುವ ಬರಹ. ಡಿಟಿಪಿ ಅಂಗಡಿಯಲ್ಲಿ ಕರಪತ್ರಕ್ಕೆ ಮಾಡಿಸಿದ್ದನ್ನೇ ಸೈಟಿಗೆ ಏರಿಸಿದಾಗ ಈ ಎರಡೂ ಆಗುತ್ತವೆ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಓದಿ ತಿದ್ದಿ.

ಜನ ಹುಡುಕುವಾಗ ಗ್ರಾಂಥಿಕ ಕನ್ನಡ ಬಳಸುವುದಿಲ್ಲ. 'ಜಲರೇಚಕ ದುರಸ್ತಿ' ಎಂದು ಬರೆದರೆ ಯಾರ ಕೈಗೂ ಸಿಗುವುದಿಲ್ಲ, 'ಮೋಟರ್ ರಿಪೇರಿ' ಎಂದೇ ಬರೆಯಿರಿ. ಬೆಂಗಳೂರಿನಲ್ಲಿ ಇಂಗ್ಲಿಷ್ ಪುಟವೂ ಬೇಕು. ಎರಡು ಭಾಷೆಯನ್ನು ಒಂದೇ ಪುಟದಲ್ಲಿ ಬೆರೆಸದೆ ಬೇರೆ ಬೇರೆ ವಿಳಾಸದಲ್ಲಿ ಇಟ್ಟು, ಒಂದರಿಂದ ಇನ್ನೊಂದಕ್ಕೆ ಕೊಂಡಿ ಕೊಡಿ.

ವೇಗ ಮತ್ತು ಉಳಿದ ಪಟ್ಟಿಗಳು

ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ವಿಳಾಸ ಹಾಕಿ ಮೊಬೈಲ್ ಫಲಿತಾಂಶ ನೋಡಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಂಡರೆ ಒಳ್ಳೆಯದು ಎಂದು ಗೂಗಲ್ ಪರಿಗಣಿಸುತ್ತದೆ. ಸಣ್ಣ ಸೈಟ್ ನಿಧಾನವಾಗಲು ಮುಖ್ಯ ಕಾರಣ ಕ್ಯಾಮೆರಾದಿಂದ ನೇರವಾಗಿ ಏರಿಸಿದ ಭಾರದ ಫೋಟೊಗಳು. ಅವನ್ನು ಕುಗ್ಗಿಸಿ ಹಾಕಿ. ಪೂರ್ಣ ನೂರು ಅಂಕಕ್ಕಾಗಿ ಹಣ ಸುರಿಯುವ ಅಗತ್ಯ ಇಲ್ಲ.

ಜಸ್ಟ್‌ಡಯಲ್, ಸುಲೇಖಾ, ಇಂಡಿಯಾಮಾರ್ಟ್, ಫೇಸ್‌ಬುಕ್ ಎಲ್ಲ ಕಡೆ ಹೆಸರು, ವಿಳಾಸ, ನಂಬರ್ ಒಂದೇ ರೀತಿ ಇರಲಿ.

ಯಾರಿಗಾದರೂ ಹಣ ಕೊಡುವ ಮುನ್ನ

ಇಷ್ಟೆಲ್ಲ ನೋಡಿದ ಮೇಲೂ ಕೈಗೆ ಸಿಗದ ತೊಂದರೆ ಇದ್ದರೆ ತಿಳಿದವರಿಗೆ ಕೆಲಸ ಕೊಡಿ. ಮೊದಲ ಸ್ಥಾನದ ಖಾತರಿ ಕೊಡುವವರಿಗೆ ಮಾತ್ರ ಬೇಡ. ಅಂಥ ಖಾತರಿ ಯಾರೂ ಕೊಡಲಾಗದು ಎಂದು ಗೂಗಲ್ ತನ್ನ ಮಾರ್ಗಸೂಚಿಯಲ್ಲೇ ಬರೆದಿದೆ. ಬಂದವರನ್ನು ಮೂರು ಪ್ರಶ್ನೆ ಕೇಳಿ: ಯಾವ ಪುಟ, ಯಾವ ಪದದಲ್ಲಿ ಇಳಿದಿದೆ ಎಂದು ನಿಮಗೆ ಕಾಣುತ್ತದೆ? ಮೊದಲ ತಿಂಗಳಲ್ಲಿ ಏನನ್ನು ಬದಲಿಸುತ್ತೀರಿ? ಕೆಲಸವಾಯಿತು ಎಂದು ಯಾವ ಲೆಕ್ಕದಿಂದ ತೋರಿಸುತ್ತೀರಿ? ಮೂರನೆಯದಕ್ಕೆ ಉತ್ತರ ಕರೆಗಳ ಸಂಖ್ಯೆಯಲ್ಲಿ ಬರಬೇಕು.

ಡೊಮೇನ್, ಹೋಸ್ಟಿಂಗ್, ಸರ್ಚ್ ಕನ್ಸೋಲ್, ಬಿಸಿನೆಸ್ ಪ್ರೊಫೈಲ್ ನಾಲ್ಕೂ ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಒಡೆತನದಲ್ಲಿರಲಿ. ಕೆಲಸ ಮಾಡುವವರನ್ನು ಬಳಕೆದಾರರಾಗಿ ಸೇರಿಸಿ, ಪಾಸ್‌ವರ್ಡ್ ಕೊಡಬೇಡಿ. ಜಗಳವಾಗಿ ದೂರವಾದ ಡಿಸೈನರ್ ಬಳಿ ಡೊಮೇನ್ ಸಿಕ್ಕಿಕೊಂಡು ಹತ್ತು ವರ್ಷದ ಹೆಸರು ಕಳೆದುಕೊಂಡವರ ಸಂಕಟಕ್ಕೆ ಯಾವ ಉಪಾಯವೂ ಸುಲಭವಾಗಿ ಸಿಗುವುದಿಲ್ಲ.

ಬದಲಾವಣೆ ಮಾಡಿದ ದಿನಾಂಕವನ್ನೂ ಏನು ಬದಲಿಸಿದಿರಿ ಎಂಬುದನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಕೆಲವು ದಿನಗಳಲ್ಲೇ ಗುಣ ಕಾಣುವುದುಂಟು, ಕೆಲವಕ್ಕೆ ತಿಂಗಳುಗಳೇ ಬೇಕು. ಹೊಸ ಗಿರಾಕಿ ಕರೆ ಮಾಡಿದಾಗ 'ನಮ್ಮ ನಂಬರ್ ನಿಮಗೆ ಎಲ್ಲಿ ಸಿಕ್ಕಿತು ಸರ್?' ಎಂದು ಕೇಳಿ, ಉತ್ತರವನ್ನು ಅದೇ ಪುಸ್ತಕದಲ್ಲಿ ನಕ್ಷೆ, ಸೈಟ್, ಪರಿಚಯದವರು, ಸ್ಟಿಕರ್ ಎಂದು ಗುರುತು ಹಾಕಿಕೊಳ್ಳಿ. ಮುಂದಿನ ಬೇಸಿಗೆಯಲ್ಲಿ ಯಾವುದಕ್ಕೆ ಹಣ ಹಾಕಬೇಕು ಎಂಬುದು ಆ ಗುರುತುಗಳನ್ನು ಎಣಿಸಿದರೆ ಗೊತ್ತಾಗುತ್ತದೆ.